ವಿಮಾನ ಬೀಳಿಸಿದ್ದು ಗೇಣುದ್ದದ ಪೈಪ್: ಪೆಟ್ರೋಲ್ ಆರ್‌ಸಿ ಪ್ಲೇನ್‌ಗೆ ಯಾವ ಟ್ಯೂಬ್ ಹಾಕಬೇಕು?

ಬ್ಯಾಟರಿ ಪ್ಲೇನ್‌ಗಳ ಎಪಿಸೋಡ್ ಆದ ಮೇಲೆ ತುಂಬಾ ಜನ ಕೇಳಿದ್ದು ಒಂದೇ: "ಬ್ರೋ, ಪೆಟ್ರೋಲ್ ಪ್ಲೇನ್ ಬಗ್ಗೆ ಯಾವಾಗ?" ಇವತ್ತೇ. ಆದ್ರೆ ಎಂಜಿನ್‌ನಿಂದ ಶುರು ಮಾಡಲ್ಲ. ಎಂಜಿನ್‌ಗೆ ಪೆಟ್ರೋಲ್ ತಂದುಕೊಡೋ ಟ್ಯೂಬ್‌ನಿಂದ ಶುರು ಮಾಡ್ತೀನಿ. ಯಾಕಂದ್ರೆ ನನ್ನ ಪ್ಲೇನ್ ಬಿದ್ದಿದ್ದು ಅದರಿಂದಲೇ.

ಕುಣಿಗಲ್ ಕಡೆ, ಜನವರಿ ತಿಂಗಳು. ರಾಗಿ ಕೊಯ್ಲು ಮುಗಿದು ಹೊಲಗಳೆಲ್ಲ ಖಾಲಿ. ನನ್ನದು 30 ಸಿಸಿ ಎಂಜಿನ್ ಇರೋ, ರೆಕ್ಕೆಯ ಈ ತುದಿಯಿಂದ ಆ ತುದಿಗೆ ಸುಮಾರು ಎರಡು ಮೀಟರ್ ಬರೋ ಪ್ಲೇನ್, ತೂಕ ಏಳು ಕೆಜಿ ಹತ್ತಿರ. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು. ಅರ್ಧ ಟ್ಯಾಂಕ್ ಖಾಲಿಯಾಗಿತ್ತು. ಸ್ವಲ್ಪ ಶೋಕಿ ಮಾಡೋಣ ಅಂತ ಮಗುಚಿ, ಹೊಟ್ಟೆ ಮೇಲೆ ಮಾಡಿ ಹಾರಿಸಿದೆ. ಎಂಜಿನ್ ಎರಡು ಸಲ ಕೆಮ್ಮಿತು, ಆಮೇಲೆ ಸದ್ದೇ ಇಲ್ಲ. ನೇರ ಮಾಡಿಕೊಳ್ಳೋಷ್ಟರಲ್ಲಿ ಎತ್ತರ ಉಳಿದಿರಲಿಲ್ಲ. ಪ್ಲೇನ್ ಬದು ದಾಟಿ ಪಕ್ಕದ ಹೊಲಕ್ಕೆ ಇಳೀತು. ಅಲ್ಲಿ ಒಬ್ಬರು ಎಮ್ಮೆ ಮೇಯಿಸ್ತಾ ನಿಂತಿದ್ದರು. ಅವರಿಗೂ ಪ್ಲೇನ್‌ಗೂ ಮಧ್ಯೆ ಹೆಚ್ಚಂದ್ರೆ ಇಪ್ಪತ್ತು ಹೆಜ್ಜೆ. ನಾನು ಏದುಸಿರು ಬಿಡ್ತಾ ಓಡಿ ಹೋದಾಗ ಅವರು ಕೇಳಿದ್ದು, "ಏನಣ್ಣ, ಇದರೊಳಗೆ ಪೆಟ್ರೋಲ್ ಐತಾ?" ಐತೆ ಅಂದೆ. ಅವರು ಎಮ್ಮೆಯನ್ನ ಇನ್ನೂ ದೂರ ಹೊಡ್ಕೊಂಡು ಹೋದರು.

ಊರಿಗೆ ಬಂದು ಸ್ಪಾರ್ಕ್ ಪ್ಲಗ್ ಬದಲಾಯಿಸಿದೆ. ಕಾರ್ಬ್ಯುರೇಟರ್ ಕಿಟ್ ತರಿಸಿ ಹಾಕಿಸಿದೆ. ನೆಲದ ಮೇಲೆ ಇಟ್ಟು ಓಡಿಸಿದ್ರೆ ಎಂಜಿನ್ ಚಿನ್ನದಂಥದ್ದು! ಮೇಲೆ ಹೋಗಿ ಮಗುಚಿದ್ರೆ ಮತ್ತೆ ಅದೇ ಕೆಮ್ಮು.

ಉತ್ತರ ಸಿಕ್ಕಿದ್ದು ತೀರ್ಥಹಳ್ಳಿ ಹತ್ತಿರ ನಮ್ಮ ಮಾವನ ಮನೆಯಲ್ಲಿ. ಅಡಿಕೆ ತೋಟದ ಕಳೆ ಹೊಡೆಯೋ ಮೆಷಿನ್ ಕೆಟ್ಟಿತ್ತು, ರಿಪೇರಿಗೆ ಕೊಡೋಕೆ ಹೋಗಿದ್ವಿ. ಆ ಮೆಷಿನ್‌ನಲ್ಲಿ ಇರೋದೂ ಪುಟ್ಟ ಟೂ ಸ್ಟ್ರೋಕ್ ಎಂಜಿನ್, ಕಾರ್ಬ್ಯುರೇಟರೂ ಅದೇ ಜಾತಿಯದ್ದು. ಮಾತಿಗೆ ಮಾತು ಬಂದು ನನ್ನ ಕಥೆ ಹೇಳಿದೆ. ಮೆಕ್ಯಾನಿಕ್ ತಲೆ ಎತ್ತದೇ ಕೇಳಿದರು, "ಟ್ಯಾಂಕ್ ಒಳಗಿನ ಪೈಪ್ ನೋಡಿದ್ದೀರಾ ಮಾರಾಯ್ರೆ?"

ನೋಡಿರಲಿಲ್ಲ. ಬೆಂಗಳೂರಿಗೆ ವಾಪಸ್ ಬಂದು ಟ್ಯಾಂಕ್ ಬಿಚ್ಚಿದೆ. ಒಳಗಿದ್ದ ಹಳದಿ ಟ್ಯೂಬ್ ಜ್ಯೂಸ್ ಕುಡಿಯೋ ಸ್ಟ್ರಾ ಥರ ಗಟ್ಟಿಯಾಗಿ, ಜೇನುತುಪ್ಪದ ಬಣ್ಣಕ್ಕೆ ತಿರುಗಿತ್ತು.

ಇದು ಯಾಕೆ ಮುಖ್ಯ ಅಂತ ಹೇಳ್ತೀನಿ. ಟ್ಯಾಂಕ್ ಒಳಗಿನ ಟ್ಯೂಬ್ ತುದಿಗೆ ಕ್ಲಂಕ್ ಅಂತ ಒಂದು ಭಾರದ ತುಂಡು ಇರುತ್ತೆ. ಪೆಟ್ರೋಲ್ ಎತ್ತ ಹೋಗುತ್ತೋ ಕ್ಲಂಕ್ ಕೂಡ ಅತ್ತ ಬೀಳಬೇಕು. ಪ್ಲೇನ್ ಮಗುಚಿದಾಗ ಪೆಟ್ರೋಲ್ ಟ್ಯಾಂಕಿನ ಚಾವಣಿ ಕಡೆ ಹೋಗುತ್ತೆ. ಟ್ಯೂಬ್ ಮೆತ್ತಗಿದ್ರೆ ಕ್ಲಂಕ್ ಹಿಂದೆಯೇ ಹೋಗುತ್ತೆ. ಗಟ್ಟಿಯಾಗಿದ್ರೆ ಇದ್ದಲ್ಲೇ ನಿಂತು ಗಾಳಿ ಎಳೆಯುತ್ತೆ. ನೆಲದ ಮೇಲೆ ನಿಲ್ಲಿಸಿ ಓಡಿಸುವಾಗ ಕ್ಲಂಕ್ ಪೆಟ್ರೋಲ್‌ನಲ್ಲೇ ಬಿದ್ದಿರೋದ್ರಿಂದ ಎಲ್ಲ ಸರಿ ಅನಿಸುತ್ತೆ. ನಾನು ಪ್ಲಗ್ಗು, ಕಿಟ್ಟು ಅಂತ ದುಡ್ಡು ಸುರಿದದ್ದು ಇದೇ ಮೋಸಕ್ಕೆ.

ಇನ್ನೊಂದು ವಿಷಯ ಇದೆ, ಗ್ಲೋ ಎಂಜಿನ್‌ನಿಂದ ಪೆಟ್ರೋಲ್‌ಗೆ ಬರೋರಿಗೆ ಇದು ಹೊಸದು. ಗ್ಲೋ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಸೈಲೆನ್ಸರ್‌ನಿಂದ ಒಂದು ಟ್ಯೂಬ್ ಟ್ಯಾಂಕ್‌ಗೆ ಬಂದು, ಆ ಒತ್ತಡ ಇಂಧನವನ್ನ ಎಂಜಿನ್ ಕಡೆ ತಳ್ಳುತ್ತೆ. ಪೆಟ್ರೋಲ್ ಎಂಜಿನ್‌ನ ವಾಲ್‌ಬ್ರೋ ಥರದ ಕಾರ್ಬ್ಯುರೇಟರ್‌ನಲ್ಲಿ ಒಳಗೇ ಒಂದು ಡಯಾಫ್ರಾಮ್ ಪಂಪ್ ಇರುತ್ತೆ. ಅದು ತಳ್ಳಿಸಿಕೊಳ್ಳಲ್ಲ, ತಾನೇ ಎಳೆಯುತ್ತೆ. ಹಾಗಾಗಿ ಟ್ಯೂಬ್‌ನಲ್ಲಿ ಸೂಜಿ ಮೊನೆಯಷ್ಟು ಬಿರುಕು ಬಿಟ್ರೂ ಎಂಜಿನ್ ಓಡುವಾಗ ಪೆಟ್ರೋಲ್ ಹೊರಗೆ ಸೋರಲ್ಲ, ಗಾಳಿ ಒಳಗೆ ಹೋಗುತ್ತೆ. ಕಣ್ಣಿಗೆ ಲೀಕ್ ಕಾಣಲ್ಲ. ಮಿಕ್ಸ್ಚರ್‌ನಲ್ಲಿ ಪೆಟ್ರೋಲ್ ಕಡಿಮೆಯಾಗುತ್ತೆ. ಟೂ ಸ್ಟ್ರೋಕ್‌ನಲ್ಲಿ ಆಯಿಲ್ ಬರೋದೂ ಪೆಟ್ರೋಲ್ ಜೊತೆಗೇ ಅಲ್ವಾ, ಅದೂ ಕಡಿಮೆ. ಎಂಜಿನ್ ಬಿಸಿಯಾಗಿ ಒಂದೋ ಆಕಾಶದಲ್ಲಿ ನಿಲ್ಲುತ್ತೆ, ಇಲ್ಲಾ ಪಿಸ್ಟನ್ ಹಿಡ್ಕೊಳ್ಳುತ್ತೆ.

ಸರಿ, ಯಾವ ಟ್ಯೂಬ್? ನಾನು ಬಿ.ಕಾಂ. ಓದಿದವನು, ಪಿಯುಸಿಯಲ್ಲೂ ಕೆಮಿಸ್ಟ್ರಿ ಇರಲಿಲ್ಲ. ಅದಕ್ಕೇ ಉಪ್ಪಿನಕಾಯಿ ಬಾಟಲಿ ತಗೊಂಡೆ. ಗಾಜಿನದ್ದು, ಬಿಗಿ ಮುಚ್ಚಳ ಇರೋದು. ಐದು ಥರದ ಟ್ಯೂಬ್‌ಗಳನ್ನ ತಲಾ 10 ಸೆಂಟಿಮೀಟರ್ ಕತ್ತರಿಸಿ, ಒಂದೊಂದನ್ನೂ ಒಂದೊಂದು ಬಾಟಲಿಗೆ ಹಾಕಿ ಪೆಟ್ರೋಲ್ ತುಂಬಿಸಿ ಟೆರೇಸ್ ಮೇಲೆ ನೆರಳಲ್ಲಿ ಇಟ್ಟೆ. ನೀವು ಮಾಡೋದಾದ್ರೆ ಸ್ವಲ್ಪವೇ ಪೆಟ್ರೋಲ್ ಸಾಕು, ಮನೆಯೊಳಗೆ ಖಂಡಿತ ಬೇಡ. ದೇವರ ದೀಪ, ಗ್ಯಾಸ್ ಸ್ಟೋವ್ ಯಾವುದೂ ಹತ್ತಿರ ಇರಬಾರದು.

ಮೊದಲನೇದು ಸಿಲಿಕೋನ್. ಅಕ್ವೇರಿಯಂ ಅಂಗಡಿಯಲ್ಲಿ ಸಿಗುತ್ತೆ, ಗ್ಲೋ ಪ್ಲೇನ್‌ಗಳಲ್ಲೂ ಇದನ್ನೇ ಹಾಕ್ತಾರೆ. ಮುಟ್ಟೋಕೆ ಬೆಣ್ಣೆ. ಒಂದೇ ರಾತ್ರಿಗೆ 10 ಸೆಂಟಿಮೀಟರ್ ತುಂಡು 13ರ ಹತ್ತಿರ ಬೆಳೆದು ಶ್ಯಾವಿಗೆ ಥರ ಆಗಿತ್ತು, ಉಗುರಲ್ಲಿ ಒತ್ತಿದ್ರೆ ಹರಿಯಿತು. ಕಾರಣ ಏನಂದ್ರೆ ಗ್ಲೋ ಇಂಧನ ಮುಖ್ಯವಾಗಿ ಮೆಥನಾಲ್, ಅದು ಸಿಲಿಕೋನ್ ಒಳಗೆ ಅಷ್ಟು ಸುಲಭವಾಗಿ ಇಳಿಯಲ್ಲ. ಪೆಟ್ರೋಲ್ ಹೈಡ್ರೋಕಾರ್ಬನ್, ಅದಕ್ಕೂ ಸಿಲಿಕೋನ್‌ಗೂ ಎಲ್ಲಿಲ್ಲದ ಸ್ನೇಹ. ರಬ್ಬರ್‌ನ ಎಳೆಗಳ ಮಧ್ಯೆ ನುಗ್ಗಿ ಉಬ್ಬಿಸಿಬಿಡುತ್ತೆ. ಇಂಥ ಟ್ಯೂಬ್ ಟ್ಯಾಂಕ್ ಒಳಗಿದ್ರೆ ಕ್ಲಂಕ್ ಕಳಚಿ ಬೀಳುತ್ತೆ. ಪೆಟ್ರೋಲ್‌ಗೆ ಸಿಲಿಕೋನ್ ಬೇಡವೇ ಬೇಡ, ಇದರಲ್ಲಿ ಚರ್ಚೆ ಇಲ್ಲ. ಟ್ಯಾಂಕ್ ಸ್ಟಾಪರ್‌ಗೆ ಸಿಲಿಕೋನ್ ಗಮ್ ಬಳಿಯೋ ಅಭ್ಯಾಸವೂ ಬೇಡ. ಸ್ಟಾಪರ್ ಕೂಡ ಪೆಟ್ರೋಲ್‌ಗೆ ಅಂತಲೇ ಮಾಡಿದ್ದು ತಗೊಳ್ಳಿ.

ಎರಡನೇದು ಗಾರೆ ಕೆಲಸದವರು ಮಟ್ಟ ನೋಡೋ ಲೆವೆಲ್ ಪೈಪ್ ಥರದ ಪಾರದರ್ಶಕ ಪಿವಿಸಿ. ಪೆಟ್ರೋಲ್‌ನಲ್ಲಿ ಇರೋವರೆಗೂ ಏನೂ ಆಗಿಲ್ಲ ಅನ್ನೋ ಹಾಗೆ ನಾಟಕ. ಹೊರಗೆ ತೆಗೆದು ಎರಡು ದಿನ ಒಣಗಿಸಿದೆ ನೋಡಿ, ಕಡ್ಡಿ! ಪಿವಿಸಿ ಹುಟ್ಟಾ ಗಟ್ಟಿ. ಅದನ್ನ ಮೆತ್ತಗೆ ಮಾಡೋಕೆ ಪ್ಲಾಸ್ಟಿಸೈಸರ್ ಅನ್ನೋ ಎಣ್ಣೆಯಂಥ ವಸ್ತು ಬೆರೆಸಿರ್ತಾರೆ. ಪೆಟ್ರೋಲ್ ಅದನ್ನ ಹೀರಿಕೊಂಡು ಹೋಗುತ್ತೆ. ಅಂದ್ರೆ ಆ ಎಣ್ಣೆ ನಿಮ್ಮ ಕಾರ್ಬ್ಯುರೇಟರ್‌ಗೂ ಹೋಗ್ತಿದೆ ಅಂತ ಅರ್ಥ.

ಮೂರನೇದು ಹಳದಿ ಟೈಗಾನ್, ಪೆಟ್ರೋಲ್ ಪ್ಲೇನ್ ಇರೋ ಎಲ್ಲರಿಗೂ ಗೊತ್ತಿರೋ ಟ್ಯೂಬ್. ಸೇಂಟ್-ಗೋಬೇನ್ ಕಂಪನಿಯದ್ದು, ಎಫ್-4040-ಎ ಅನ್ನೋದು ಇಂಧನಕ್ಕೆ ಅಂತಲೇ ಮಾಡಿದ ಬಗೆ. ಇದೂ ಮೂಲದಲ್ಲಿ ಪಿವಿಸಿ ಮನೆತನವೇ, ಆದ್ರೆ ಪೆಟ್ರೋಲ್ ತಡೆಯೋ ಹಾಗೆ ತಯಾರಿಸಿದ್ದು. ಆರಾಮಾಗಿ ಬಗ್ಗುತ್ತೆ, ಒಳಗೆ ಗುಳ್ಳೆ ಬಂದ್ರೆ ಕಾಣುತ್ತೆ. ಕಾಲ ಕಳೆದ ಹಾಗೆ ಇದೂ ಗಟ್ಟಿಯಾಗುತ್ತೆ, ನನ್ನ ಟ್ಯಾಂಕ್‌ನಲ್ಲಿ ಆದ ಹಾಗೆ. ಹಳದಿ ಇರೋದೆಲ್ಲ ಟೈಗಾನ್ ಅಲ್ಲ ಅನ್ನೋದೂ ನೆನಪಿರಲಿ, ಬಣ್ಣ ಯಾರು ಬೇಕಾದರೂ ಹಾಕಬಹುದು.

ನಾಲ್ಕನೇದು ಬೈಕ್‌ನ ಕಪ್ಪು ಪೆಟ್ರೋಲ್ ಪೈಪ್, ಜೆ.ಸಿ. ರೋಡ್‌ನಲ್ಲಿ ತಂದಿದ್ದು. ಇಂಥವು ಹೆಚ್ಚಾಗಿ ನೈಟ್ರೈಲ್ ರಬ್ಬರ್. ಪೆಟ್ರೋಲ್ ತಡೆಯುತ್ತೆ, ಆದ್ರೆ ಗೋಡೆ ದಪ್ಪ, ತೂಕ ಜಾಸ್ತಿ, ಕ್ಲಂಕ್‌ಗೆ ಬೇಕಾದಷ್ಟು ಬಾಗಲ್ಲ. ಬೈಕ್‌ಗೆ ಇರೋದನ್ನ ಬೈಕ್‌ಗೇ ಬಿಡೋಣ.

ಐದನೇದು ವೈಟಾನ್. ಡ್ಯುಪಾಂಟ್ ಕಂಪನಿ ಶುರು ಮಾಡಿದ ಹೆಸರು, ಈಗ ಕೆಮೂರ್ಸ್ ಕೈಯಲ್ಲಿದೆ. ವಸ್ತುವಿನ ಸಾಮಾನ್ಯ ಹೆಸರು ಎಫ್‌ಕೆಎಂ, ಫ್ಲೋರಿನ್ ಇರೋ ರಬ್ಬರ್. ಪೆಟ್ರೋಲ್‌ಗೆ ಇದರೊಳಗೆ ನುಗ್ಗೋದು ಕಷ್ಟ. ವಾರ ಆದ ಮೇಲೂ ಸ್ಕೇಲ್ ಇಟ್ಟು ನೋಡಿದ್ರೆ ಬದಲಾವಣೆ ಹುಡುಕಬೇಕಾಯ್ತು, ಒಣಗಿದ ಮೇಲೂ ಮೊದಲಿನಷ್ಟೇ ಮೆತ್ತಗಿತ್ತು. ಬೆಲೆ ಮಾತ್ರ ಎದೆ ಝಲ್ ಅನ್ನಿಸುತ್ತೆ. ಕಪ್ಪಾಗಿರೋದ್ರಿಂದ ಒಳಗೆ ಗುಳ್ಳೆ ಕಾಣಲ್ಲ. ಗ್ಲೋ ಪ್ಲೇನ್‌ಗೂ ಇದನ್ನೇ ಹಾಕ್ತೀನಿ ಅನ್ನಬೇಡಿ, ಸಾಮಾನ್ಯ ವೈಟಾನ್‌ಗೆ ಮೆಥನಾಲ್ ಆಗಿಬರಲ್ಲ.

ಕಪ್ಪು ಟ್ಯೂಬ್ ಕೊಟ್ಟು ವೈಟಾನ್ ಅಂತ ಹೇಳೋರೂ ಇದ್ದಾರೆ. ನನಗೆ ಒಮ್ಮೆ ಆನ್‌ಲೈನ್‌ನಲ್ಲಿ ಹಾಗೆ ಆಗಿತ್ತು. ಗುರುತಿಸೋಕೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಅದೇ ಅಳತೆಯ ನೈಟ್ರೈಲ್ ತುಂಡಿಗಿಂತ ವೈಟಾನ್ ಸುಮಾರು ಒಂದೂವರೆ ಪಟ್ಟು ತೂಗುತ್ತೆ. ಬೆಂಕಿ ಹಚ್ಚಿ ನೋಡೋಕೆ ಮಾತ್ರ ಹೋಗಬೇಡಿ, ಸುಟ್ಟರೆ ಬರೋ ಹೊಗೆ ತುಂಬಾ ವಿಷ.

ಹಾಗಾದ್ರೆ ಎಲ್ಲ ಕಡೆ ವೈಟಾನ್ ಹಾಕಿಬಿಡೋಣವಾ? ನಾನು ಹಾಕಲ್ಲ. ಟ್ಯಾಂಕ್ ಒಳಗಿನ ಟ್ಯೂಬ್ ಸದಾ ಪೆಟ್ರೋಲ್‌ನಲ್ಲಿ ನೆಂದಿರುತ್ತೆ, ಕಣ್ಣಿಗೂ ಬೀಳಲ್ಲ, ಆದರೂ ಜೀವನಪೂರ್ತಿ ಮೆತ್ತಗಿರಬೇಕು. ಅಲ್ಲಿಗೆ ವೈಟಾನ್. ಹೊರಗಡೆ ಟ್ಯಾಂಕ್‌ನಿಂದ ಕಾರ್ಬ್ಯುರೇಟರ್‌ಗೆ ಹೋಗೋ ಭಾಗ ಎಂಜಿನ್ ಕವರ್ ತೆಗೆದ್ರೆ ಕಾಣುತ್ತೆ, ಬದಲಾಯಿಸೋಕೆ ಹತ್ತು ನಿಮಿಷ. ಗುಳ್ಳೆ ಕಾಣೋದು ಮುಖ್ಯವಾಗಿರೋ ಜಾಗವೂ ಅದೇ. ಅಲ್ಲಿಗೆ ಹಳದಿ. ವೆಂಟ್‌ಗೂ, ಪೆಟ್ರೋಲ್ ತುಂಬೋ ಲೈನ್‌ಗೂ ಹಳದಿ ಸಾಕು. ಒಳಗೆ ಬೇಕಾಗೋದು ಗೇಣುದ್ದ ಅಷ್ಟೇ, ಹಾಗಾಗಿ ವೈಟಾನ್ ದುಬಾರಿ ಅನ್ನೋ ಮಾತೂ ನಿಲ್ಲಲ್ಲ. ನಾನು ಹಾಳು ಮಾಡಿದ ಕಾರ್ಬ್ಯುರೇಟರ್ ಕಿಟ್‌ನ ದುಡ್ಡಲ್ಲಿ ಮೂರು ಟ್ಯಾಂಕ್‌ಗೆ ಆಗ್ತಿತ್ತು.

ಅಳತೆ ವಿಷಯ ಬೇಗ ಹೇಳಿ ಮುಗಿಸ್ತೀನಿ. 20-30 ಸಿಸಿ ಎಂಜಿನ್‌ಗಳಲ್ಲಿ ಒಳವ್ಯಾಸ 3/32 ಅಥವಾ 1/8 ಇಂಚು ಸಾಮಾನ್ಯ. ಕಾರ್ಬ್ಯುರೇಟರ್ ಮೂತಿಗೆ ಸ್ವಲ್ಪ ಒತ್ತಿ ಕೂರಿಸೋ ಹಾಗಿರಬೇಕು, ಸರಾಗವಾಗಿ ಜಾರಿ ಕೂತರೆ ಅದು ದೊಡ್ಡದಾಯ್ತು. ಗೋಡೆ ತೀರಾ ತೆಳ್ಳಗಿದ್ರೆ ತಿರುವಿನಲ್ಲಿ ಮಡಚಿಕೊಳ್ಳುತ್ತೆ.

ಟ್ಯೂಬ್ ಎಷ್ಟೇ ಒಳ್ಳೆಯದಾದ್ರೂ ಕೂರಿಸೋದು ಕೆಟ್ಟರೆ ಪ್ರಯೋಜನ ಇಲ್ಲ. ನುಣುಪಾದ ಹಿತ್ತಾಳೆ ಪೈಪ್ ಮೇಲೆ ಟ್ಯೂಬ್ ನಿಧಾನಕ್ಕೆ ಜಾರುತ್ತೆ, ವೈಟಾನ್ ಅಂತೂ ಇನ್ನೂ ಬೇಗ. ಹಿತ್ತಾಳೆ ತುದಿಗೆ ತೆಳು ತಾಮ್ರದ ತಂತಿ ಒಂದು ಸುತ್ತು ಸುತ್ತಿ ಬೆಸುಗೆ ಹಾಕಿದ್ರೆ ಸಣ್ಣ ಉಂಗುರ ಆಗುತ್ತೆ. ಟ್ಯೂಬ್ ಅದನ್ನ ದಾಟಿ ಕೂತ ಮೇಲೆ ಹಿಂದುಗಡೆ ಪುಟ್ಟ ಝಿಪ್ ಟೈ ಬಿಗಿಯಿರಿ. ಕ್ಲಂಕ್ ಕಡೆಗೂ ಹಾಗೇ. ಕ್ಲಂಕ್ ಟ್ಯಾಂಕಿನ ಹಿಂಗೋಡೆಗೆ ತಾಗದ ಹಾಗೆ ಉದ್ದ ಇಟ್ಟುಕೊಂಡು, ಮುಚ್ಚಿದ ಮೇಲೆ ಟ್ಯಾಂಕ್ ಅಲ್ಲಾಡಿಸಿ ಕೇಳಿ. ಟಕ್ ಟಕ್ ಅಂತ ಎಲ್ಲ ದಿಕ್ಕಿಗೂ ಓಡಾಡೋ ಸದ್ದು ಬರಬೇಕು. ಆ ಸದ್ದು ಒಂದು ಸಲ ಕೇಳಿಸಿಕೊಂಡಿದ್ರೆ ಕುಣಿಗಲ್‌ನಲ್ಲಿ ನಾನು ಓಡಬೇಕಿರಲಿಲ್ಲ.

ಹೊರಗಡೆಯ ಲೀಕ್ ಬೇರೆಯೇ ಭಯ. ಎಂಜಿನ್ ನಿಂತಾಗ ಟ್ಯಾಂಕ್‌ನಿಂದ ತೊಟ್ಟಿಕ್ಕಿದ ಪೆಟ್ರೋಲ್ ಪ್ಲೇನ್‌ನ ಹೊಟ್ಟೆಯಲ್ಲಿ, ಬ್ಯಾಟರಿ ಪಕ್ಕದಲ್ಲೇ ಸೇರುತ್ತೆ. ಹಾರಿಸೋ ಮೊದಲು ಒಳಗೆ ಮೂಗು ಇಟ್ಟು ನೋಡಿ. ವಾಸನೆ ಇದ್ರೆ ಅವತ್ತು ಹಾರಾಟ ಇಲ್ಲ, ಸುತ್ತ ಎಷ್ಟೇ ಜನ ಮೊಬೈಲ್ ಹಿಡಿದು ನಿಂತಿರಲಿ.

ಕೊನೆಗೆ ಎಲ್ಲರೂ ಕೇಳೋ ಇ20. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಬಿಡುಗಡೆಯಾದ, 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯಲ್ಲಿರೋ ತೇವ ಎಳೆದುಕೊಳ್ಳುತ್ತೆ. ಬರೀ ಪೆಟ್ರೋಲ್‌ಗೆ ಹೊಂದಿಕೊಂಡಿದ್ದ ಕೆಲವು ರಬ್ಬರ್‌ಗಳು ಎಥನಾಲ್ ಸೇರಿದಾಗ ಹೆಚ್ಚು ಉಬ್ಬುತ್ತವೆ. ಅದಕ್ಕೆ ಹಾರಿಸಿದ ಮೇಲೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಲೈನ್‌ನಲ್ಲಿ ಉಳಿದಿದ್ದು ಮುಗಿಯೋವರೆಗೂ ಎಂಜಿನ್ ಐಡಲ್‌ನಲ್ಲಿ ಓಡಿಸಿ ನಿಲ್ಲಿಸ್ತೀನಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಪ್ಲೇನ್ ಮೂಲೆಯಲ್ಲಿ ಕೂರುತ್ತಲ್ಲ, ಟ್ಯೂಬ್‌ಗಳು ಹಾಳಾಗೋದು ಹಾರುವಾಗಕ್ಕಿಂತ ಆಗಲೇ ಜಾಸ್ತಿ ಅನ್ನೋದು ನನ್ನ ಅನುಭವ.

ಅಕೌಂಟ್ಸ್ ಭಾಷೆಯಲ್ಲಿ ಹೇಳೋದಾದ್ರೆ ಟ್ಯೂಬ್ ಆಸ್ತಿ ಅಲ್ಲ, ಖರ್ಚು. ವರ್ಷಕ್ಕೊಂದು ಸಲ, ದಸರಾ ಹೊತ್ತಿಗೆ ಸೀಸನ್ ಶುರುವಾಗೋ ಮುಂಚೆ ಹೊರಗಿನ ಹಳದಿ ಟ್ಯೂಬ್ ಹೇಗಿದ್ರೂ ಬದಲಾಯಿಸ್ತೀನಿ. ಒಳಗಿನ ವೈಟಾನ್ ಬಿಚ್ಚಿ, ಬೆರಳಿಗೆ ಸುತ್ತಿ ನೋಡಿ, ಸರಿ ಇದ್ರೆ ವಾಪಸ್. ಟ್ಯಾಂಕ್ ಮೇಲೆ ಪೇಪರ್ ಟೇಪ್ ಅಂಟಿಸಿ ತಾರೀಖು ಬರೆದಿದ್ದೀನಿ. ಆ ಐದು ಉಪ್ಪಿನಕಾಯಿ ಬಾಟಲಿಗಳು ಇನ್ನೂ ಟೆರೇಸ್ ಮೇಲೇ ಇವೆ. ಎಷ್ಟು ತೊಳೆದು ಕೊಟ್ಟರೂ ಅಮ್ಮ ಒಳಗೆ ಸೇರಿಸ್ತಿಲ್ಲ.