ಮನೆಯಲ್ಲಿಯೇ ಕಲಿಸುವ ತಾಯಿಯ ದಿನಚರಿ

ಕನ್ನಡದಲ್ಲಿ ‘ಮನೆಪಾಠ’ವೆಂದರೆ ಶಾಲೆ ಬಿಟ್ಟ ಮೇಲೆ ನಡೆಯುವ ಟ್ಯೂಷನ್. ಇಲ್ಲಿ ಹೇಳಹೊರಟಿರುವ ಗೃಹಶಿಕ್ಷಣ ಅದಲ್ಲ. ಮಗುವನ್ನು ಶಾಲೆಗೆ ಕಳುಹಿಸದೆ ಓದು, ಬರಹ, ಲೆಕ್ಕ, ವಿಜ್ಞಾನಗಳನ್ನೆಲ್ಲ ಮನೆಯಲ್ಲಿಯೇ, ಬಹುಮಟ್ಟಿಗೆ ತಾಯಿಯೇ, ಕಲಿಸುವ ಪದ್ಧತಿಗೆ ಈ ಹೆಸರು. ಹೋಮ್‌ಸ್ಕೂಲಿಂಗ್ ಎಂಬ ಇಂಗ್ಲಿಷ್ ಮಾತೂ ಈಗ ಬಳಕೆಗೆ ಬಂದಿದೆ. ಶಾಲೆಯನ್ನೇ ಬಾಳಿನ ಕೆಲಸವಾಗಿ ಹಿಡಿದವರಿಗೆ ಶಾಲೆ ಬೇಡವೆಂದವರ ವಿಚಾರವೇಕೆ ಎಂಬ ಪ್ರಶ್ನೆ ಸಹಜವೇ. ಆದರೆ ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಒಬ್ಬರೇ ಅಧ್ಯಾಪಕರ ಮುಂದೆ ಎರಡು ಮೂರು ತರಗತಿಗಳ ಮಕ್ಕಳು ಕುಳಿತಿರುವುದು ಅಪರೂಪವಲ್ಲ. ಆ ಮಕ್ಕಳ ತಾಯಂದಿರಲ್ಲಿ ಅನೇಕರಿಗೆ ಕನ್ನಡ ಮಾತು ಬರುತ್ತದೆ, ಕನ್ನಡ ಅಕ್ಷರ ಬರುವುದಿಲ್ಲ. ಈ ಎರಡೂ ಕಷ್ಟಗಳಿಗೆ ಒದಗುವ ಒಂದು ಸಂಗತಿ ಮನೆಯಲ್ಲಿ ಕಲಿಸುವ ತಾಯಿಯ ದಿನಚರಿಯಲ್ಲಿದೆ.

ಗೃಹಶಿಕ್ಷಣ ಇಂದು ಹೆಚ್ಚು ಬೇರೂರಿರುವುದು ಅಮೆರಿಕದಲ್ಲಿ. ಅಲ್ಲಿಯ ಶಿಕ್ಷಣತಜ್ಞ ಜಾನ್ ಹೋಲ್ಟ್ 1977ರಲ್ಲಿ ಮನೆಯಲ್ಲಿ ಕಲಿಸುವ ತಂದೆತಾಯಿಗಳಿಗೆಂದೇ ಒಂದು ಪತ್ರಿಕೆಯನ್ನು ಆರಂಭಿಸಿದರು. ಮುಂದೆ ನ್ಯಾಯಾಲಯಗಳಲ್ಲಿಯೂ ಶಾಸನಸಭೆಗಳಲ್ಲಿಯೂ ಬಹಳ ಹೋರಾಟ ನಡೆದು, 1993ರ ಹೊತ್ತಿಗೆ ಐವತ್ತು ರಾಜ್ಯಗಳಲ್ಲಿಯೂ ಅದು ಕಾನೂನುಬದ್ಧವಾಯಿತು. 2016ರಲ್ಲಿ ಸುಮಾರು 17 ಲಕ್ಷ ಮಕ್ಕಳು ಹೀಗೆ ಕಲಿಯುತ್ತಿದ್ದರು. ಕಟ್ಟುಪಾಡುಗಳು ಮಾತ್ರ ಎಲ್ಲೆಡೆ ಒಂದೇ ಅಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ ತಾಯಿ ವರ್ಷದ ಯೋಜನೆಯನ್ನು ಮುಂಚಿತವಾಗಿ ಸಲ್ಲಿಸಿ, ಮೂರು ತಿಂಗಳಿಗೊಮ್ಮೆ ವರದಿ ಕೊಡಬೇಕು. ಟೆಕ್ಸಾಸ್‌ನಲ್ಲಿ ಬಹುತೇಕ ಯಾರೂ ಏನೂ ಕೇಳುವುದಿಲ್ಲ. ಜರ್ಮನಿಯಲ್ಲಂತೂ ಮಗು ಶಾಲೆಗೆ ಹೋಗಲೇಬೇಕು, ಮನೆಯಲ್ಲಿ ಕಲಿಸುವುದಕ್ಕೆ ಅನುಮತಿಯೇ ಸಾಮಾನ್ಯವಾಗಿ ಸಿಗದು.

ಅಮೆರಿಕದ ಇಂಥ ಒಂದು ಮನೆಯ ಬೆಳಗನ್ನು ಕಲ್ಪಿಸಿಕೊಳ್ಳಬಹುದು. ಆರು, ಒಂಬತ್ತು, ಹನ್ನೆರಡು ವಯಸ್ಸಿನ ಮೂವರು ಮಕ್ಕಳು, ಜೊತೆಗೆ ನಡೆಯಲು ಕಲಿಯುತ್ತಿರುವ ಒಂದು ಕೂಸು. ತಿಂಡಿಯ ತಟ್ಟೆಗಳನ್ನು ಎತ್ತಿದ ಮೇಜೇ ಪಾಠದ ಮೇಜು. ಕೂಸಿನ ಮುಂದೆ ಮರದ ಚೌಕಗಳ ಪೆಟ್ಟಿಗೆಯನ್ನಿಟ್ಟು ತಾಯಿ ಇತಿಹಾಸದ ಪುಸ್ತಕ ತೆರೆಯುತ್ತಾಳೆ. ಇತಿಹಾಸ, ಭೂಗೋಳ, ಪದ್ಯ, ಕಥೆ ಇವೆಲ್ಲ ಮೂವರಿಗೂ ಒಟ್ಟಿಗೆ. ಆಕೆ ಗಟ್ಟಿಯಾಗಿ ಓದುತ್ತಾಳೆ, ಎಲ್ಲರೂ ಕೇಳುತ್ತಾರೆ, ಆಮೇಲೆ ಅವರವರ ವಯಸ್ಸಿಗೆ ತಕ್ಕ ಕೆಲಸ. ಲೆಕ್ಕ ಮಾತ್ರ ಬೇರೆ ಬೇರೆ. ಚಿಕ್ಕವನ ಪಕ್ಕದಲ್ಲಿ ಆಕೆ ಕುಳಿತು ಕಡ್ಡಿಗಳಿಂದ ಕೂಡಿಸುವುದನ್ನು ತೋರಿಸುವಾಗ ದೊಡ್ಡವಳು ತಾನಾಗಿಯೇ ಬರೆಯುತ್ತಿರುತ್ತಾಳೆ. ನಡುವಿನವನು ಕೂಸನ್ನು ನೋಡಿಕೊಳ್ಳುತ್ತಾನೆ. ಇಪ್ಪತ್ತು ನಿಮಿಷ ಕಳೆದರೆ ಪಾಳಿ ಬದಲಾಗುತ್ತದೆ. ಒಲೆಯ ಮೇಲೆ ಸಾರು ಕುದಿಯುತ್ತಿರುತ್ತದೆ, ಬಟ್ಟೆ ಒಗೆಯುವ ಯಂತ್ರ ತಿರುಗುತ್ತಿರುತ್ತದೆ. ಮಧ್ಯಾಹ್ನದ ಊಟದ ಹೊತ್ತಿಗೆ ಪುಸ್ತಕದ ಪಾಠಗಳು ಮುಗಿಯುತ್ತವೆ. ಬಳಿಕ ಹೊರಗಿನ ತಿರುಗಾಟ, ಸಾರ್ವಜನಿಕ ಗ್ರಂಥಾಲಯ, ಸಂಗೀತ, ಆಟ. ವಾರಕ್ಕೊಮ್ಮೆ ಇಂಥ ಕೆಲವು ಕುಟುಂಬಗಳು ಒಂದೆಡೆ ಸೇರುವುದುಂಟು. ರಸಾಯನಶಾಸ್ತ್ರ ಬಲ್ಲ ತಾಯಿ ಎಲ್ಲರ ಮಕ್ಕಳಿಗೂ ಪ್ರಯೋಗ ಮಾಡಿಸಿದರೆ, ಹಾಡು ಬಲ್ಲವಳು ಹಾಡು ಕಲಿಸುತ್ತಾಳೆ.

ಈ ಚಿತ್ರದಲ್ಲಿ ಬಹುತರಗತಿ ಬೋಧನೆಯ ಅನುಭವವಿರುವವರಿಗೆ ಹೊಸತೇನೂ ಕಾಣದು. ತಾಳವಾಡಿಯ ಬೆಟ್ಟದ ಶಾಲೆಯಲ್ಲಿ ಎರಡನೆಯ ಮತ್ತು ನಾಲ್ಕನೆಯ ತರಗತಿಯನ್ನು ಒಟ್ಟಿಗೆ ಕೂಡಿಸಿಕೊಂಡು ಪಾಠ ಮಾಡುವವರು ಇದನ್ನೇ, ಇದಕ್ಕಿಂತ ಹೆಚ್ಚು ಮಕ್ಕಳೊಂದಿಗೆ, ದಿನವೂ ಮಾಡುತ್ತಾರೆ. ವಿಶೇಷವಿರುವುದು ಓದಿದ ಮೇಲೆ ಆ ಮೇಜಿನಲ್ಲಿ ನಡೆಯುವ ಒಂದು ಸಣ್ಣ ಕ್ರಿಯೆಯಲ್ಲಿ. ತಾಯಿ ಪುಸ್ತಕ ಮುಚ್ಚಿ, ಪ್ರಶ್ನೆ ಕೇಳದೆ, ‘ಈಗ ನೀನು ಹೇಳು’ ಎನ್ನುತ್ತಾಳೆ.

ಈ ಅಭ್ಯಾಸ ಅನೇಕ ಮನೆಗಳಿಗೆ ಬಂದದ್ದು ಷಾರ್ಲೆಟ್ ಮೇಸನ್ ಎಂಬ ಇಂಗ್ಲೆಂಡಿನ ಶಿಕ್ಷಕಿಯಿಂದ. 1842ರಲ್ಲಿ ಹುಟ್ಟಿ 1923ರಲ್ಲಿ ತೀರಿಕೊಂಡ ಈಕೆ ಸ್ವತಃ ಮದುವೆಯಾಗಲಿಲ್ಲ. ಜೀವನದ ಉತ್ತರಾರ್ಧವನ್ನೆಲ್ಲ ಇತರರ ಮನೆಯ ಮಕ್ಕಳಿಗಾಗಿ ಕಳೆದರು. ಮನೆಯಲ್ಲಿ ಮಕ್ಕಳನ್ನು ಕಲಿಸುವ ಬಗೆಯನ್ನು ಕುರಿತ ಅವರ ಮೊದಲ ಗ್ರಂಥ 1886ರಲ್ಲಿ ಪ್ರಕಟವಾಯಿತು. 1891ರಲ್ಲಿ ಅವರು ಅಂಚೆಯ ಮೂಲಕ ನಡೆಯುವ ಶಾಲೆಯೊಂದನ್ನು ಆರಂಭಿಸಿದರು. ಪ್ರತಿ ಅವಧಿಗೂ ಓದಬೇಕಾದ ಪುಸ್ತಕಗಳ ಪಟ್ಟಿ ಮತ್ತು ವೇಳಾಪಟ್ಟಿ ಮನೆಗಳಿಗೆ ಹೋಗುತ್ತಿತ್ತು. ಮರುವರ್ಷ ಆಂಬಲ್‌ಸೈಡ್ ಎಂಬ ಊರಿನಲ್ಲಿ ತರಬೇತಿ ಸಂಸ್ಥೆಯೂ ತೆರೆಯಿತು. ಆರು ವರ್ಷದವರೆಗೆ ಮಗುವಿಗೆ ವಿಧಿವತ್ತಾದ ಪಾಠ ಬೇಡ, ಆ ಬಳಿಕವೂ ಚಿಕ್ಕ ಮಕ್ಕಳಿಗೆ ಒಂದು ಪಾಠ ಇಪ್ಪತ್ತು ನಿಮಿಷವನ್ನು ಮೀರಬಾರದು, ಮಧ್ಯಾಹ್ನದ ಹೊತ್ತು ಬಯಲಿಗೆ ಮೀಸಲಾಗಿರಬೇಕು ಎಂಬುವು ಅವರ ನಿಯಮಗಳಲ್ಲಿ ಕೆಲವು.

ಮರಳಿ ಹೇಳಿಸುವ ಕ್ರಮ ಹೀಗಿದೆ. ಒಂದು ಚಿಕ್ಕ ಭಾಗವನ್ನು ಒಂದೇ ಸಲ ಓದಬೇಕು. ಮತ್ತೊಮ್ಮೆ ಓದುತ್ತಾರೆಂದು ಮಗುವಿಗೆ ಗೊತ್ತಾದರೆ ಮೊದಲ ಸಲ ಅದು ಕಿವಿಗೊಡುವುದಿಲ್ಲ. ಅಧ್ಯಾಪಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಓದಿದ ಮೇಲೆ ಮಗು ತನಗೆ ನೆನಪಿರುವಷ್ಟನ್ನು ತನ್ನ ಮಾತಿನಲ್ಲಿ, ತನ್ನ ಕ್ರಮದಲ್ಲಿ ಹೇಳಬೇಕು. ನಡುವೆ ತಿದ್ದಬಾರದು, ಮಾತು ಎತ್ತಿ ಕೊಡಬಾರದು. ಒಂಬತ್ತು ಹತ್ತು ವರ್ಷದವರೆಗೆ ಇದೆಲ್ಲ ಬಾಯಿಮಾತಿನಲ್ಲಿಯೇ ನಡೆಯುತ್ತದೆ, ಬರೆದು ಹೇಳುವುದು ಆನಂತರದ ಮಾತು. ಪ್ರಶ್ನೋತ್ತರಕ್ಕೂ ಇದಕ್ಕೂ ಇರುವ ಅಂತರ ದೊಡ್ಡದು. ‘ಹುಲಿಯ ಹೆಸರೇನು?’ ಎಂಬ ಪ್ರಶ್ನೆಗೆ ಒಂದು ಪದ ಸಾಕು, ಪಕ್ಕದವನು ಪಿಸುಗುಟ್ಟಿದರೂ ಉತ್ತರ ಬಂದುಬಿಡುತ್ತದೆ. ಕಥೆಯನ್ನು ಹೇಳಬೇಕಾದರೆ ಯಾವುದು ಮೊದಲು, ಯಾವುದು ಆಮೇಲೆ, ಯಾವುದನ್ನು ಬಿಟ್ಟರೆ ಕಥೆ ನಿಲ್ಲದು ಎಂಬುದನ್ನೆಲ್ಲ ಮಗುವೇ ತೀರ್ಮಾನಿಸಬೇಕಾಗುತ್ತದೆ. ವಾಕ್ಯವನ್ನೂ ಅದೇ ಕಟ್ಟಬೇಕು.

ಆ ತಾಯಿಯ ಸ್ವಂತ ಆಸಕ್ತಿಗಳ ಬಗ್ಗೆಯೂ ಒಂದು ಮಾತು. ಗ್ರಂಥಾಲಯದವರು ಹಳೆಯ ಪುಸ್ತಕಗಳನ್ನು ಮಾರುವ ದಿನ ಚೀಲ ಹಿಡಿದು ಮುಂಚೆಯೇ ನಿಂತಿರುವುದು, ಹಿತ್ತಿಲಿಗೆ ಬರುವ ಹಕ್ಕಿಗಳ ಪಟ್ಟಿ ಮಾಡುವುದು, ರೊಟ್ಟಿ ಬೇಯಿಸುವುದು, ಹೊಲಿಗೆ. ಮಕ್ಕಳ ಜೊತೆ ತಾನೂ ಒಂದು ನಿಸರ್ಗ ಪುಸ್ತಕವನ್ನಿಟ್ಟು ಕಂಡ ಎಲೆ, ಹೂ, ಹುಳುಗಳ ಚಿತ್ರ ಬರೆದು ದಿನಾಂಕ ಹಾಕುತ್ತಾಳೆ. ಕಾರ್ನೆಲ್ ವಿಶ್ವವಿದ್ಯಾಲಯದ ಅನ್ನಾ ಬಾಟ್ಸ್‌ಫರ್ಡ್ ಕಾಮ್‌ಸ್ಟಾಕ್ 1911ರಲ್ಲಿ ಹಳ್ಳಿಯ ಶಾಲಾ ಶಿಕ್ಷಕರಿಗಾಗಿ ಹೊರತಂದ ನಿಸರ್ಗ ಅಧ್ಯಯನದ ದಪ್ಪ ಕೈಪಿಡಿ ಇಂದಿಗೂ ಇಂಥ ಮನೆಗಳಲ್ಲಿ ಬಳಕೆಯಲ್ಲಿದೆ. ಶಾಲಾ ಶಿಕ್ಷಕರಿಗೆಂದು ಬರೆದ ಪುಸ್ತಕವನ್ನು ಶಾಲೆ ಬಿಟ್ಟವರು ಕಾಪಾಡಿಕೊಂಡಿರುವುದು ತಮಾಷೆಯೇ ಸರಿ. ಮೇಸನ್ ನಡೆಸುತ್ತಿದ್ದ ಪತ್ರಿಕೆಯಲ್ಲಿ 1890ರ ದಶಕದಲ್ಲಿ ಬಂದ ಒಂದು ಲೇಖನ, ತಾಯಿ ಪ್ರತಿದಿನ ಸ್ವಲ್ಪ ಹೊತ್ತು ತನಗಾಗಿ ಓದಲೇಬೇಕೆಂದು ಹೇಳುತ್ತದೆ. ಒಂದು ಕಠಿಣ ಪುಸ್ತಕ, ಒಂದು ಸಾಧಾರಣವಾದದ್ದು, ಒಂದು ಕಾದಂಬರಿ ಸದಾ ಕೈಯಳತೆಯಲ್ಲಿರಲಿ, ಮನಸ್ಸಿನ ಆಯಾಸಕ್ಕೆ ತಕ್ಕದ್ದನ್ನು ಎತ್ತಿಕೊಳ್ಳಲಿ ಎಂಬುದು ಅದರ ಸಲಹೆ. ಪಠ್ಯಪುಸ್ತಕದ ಹೊರಗೆ ಕನ್ನಡ ಓದಲು ಬಿಡುವಿಲ್ಲವೆನ್ನುವ ಕನ್ನಡ ಅಧ್ಯಾಪಕರಿಗೂ ಇದು ಸಲ್ಲುತ್ತದೆ.

ಈ ಬದುಕಿಗೆ ತೆರುವ ಬೆಲೆ ಕಡಿಮೆಯೇನಲ್ಲ. ದುಡಿಯುವ ಕೈ ಒಂದೇ ಆಗುತ್ತದೆ. ತಾಯಿಯ ಕೆಲಸಕ್ಕೆ ಸಂಬಳವಿಲ್ಲ, ರಜೆಯಿಲ್ಲ, ಆಕೆ ಜ್ವರದಲ್ಲಿ ಮಲಗಿದರೆ ಶಾಲೆಯೂ ಮಲಗುತ್ತದೆ. ಪಕ್ಕದ ಮನೆಯ ಓರಗೆಯ ಮಗು ಭಾಗಾಕಾರ ಮಾಡುತ್ತಿರುವಾಗ ತನ್ನ ಮಗ ಇನ್ನೂ ಕಳೆಯುವುದರಲ್ಲಿಯೇ ಇದ್ದಾನಲ್ಲ ಎಂಬ ಅಳುಕು ರಾತ್ರಿ ಕಾಡಿದರೆ, ಅದನ್ನು ಹೇಳಿಕೊಳ್ಳಲು ಸಹೋದ್ಯೋಗಿಗಳಿಲ್ಲ. ಅಕ್ಷರ ಹಿಡಿಯಲು ಮಗು ಪಡುತ್ತಿರುವ ತೊಂದರೆಯನ್ನು ಅನುಭವಿ ಶಿಕ್ಷಕರು ಗುರುತಿಸಿಬಿಡುತ್ತಾರೆ. ಒಂದೇ ಮಗುವನ್ನು ನೋಡಿರುವ ತಾಯಿಗೆ ಅದು ಸೋಮಾರಿತನವಾಗಿ ಕಂಡೀತು. ಯಾರೂ ವಿಚಾರಿಸದ ರಾಜ್ಯಗಳಲ್ಲಿ ಹಿಂದುಳಿದ ಮಗು ಹಿಂದುಳಿದೇ ಉಳಿಯುವ ಅಪಾಯವೂ ಇದೆ. ಒಟ್ಟಿನಲ್ಲಿ ಇದು ಎಲ್ಲ ಮನೆಗಳಿಗೆ ಹೇಳಬಹುದಾದ ದಾರಿಯಲ್ಲ.

ಭಾರತದ ಸ್ಥಿತಿಯನ್ನು ಕೇಳಿದ ಪೋಷಕರಿಗೆ ಸ್ಪಷ್ಟವಾಗಿ ಹೇಳಬೇಕು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 10ನೆಯ ಪ್ರಕರಣ, 6ರಿಂದ 14 ವಯಸ್ಸಿನ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯವೆನ್ನುತ್ತದೆ. ಸೇರಿಸದವರಿಗೆ ದಂಡ ವಿಧಿಸುವುದಿಲ್ಲ. ಮನೆಯಲ್ಲಿ ಕಲಿತವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಪರೀಕ್ಷೆಗಳನ್ನು ಬರೆಯುವುದುಂಟು. ಹಾಗೆಂದು ಗಡಿನಾಡಿನಲ್ಲಿ ಮಗುವನ್ನು ಶಾಲೆ ಬಿಡಿಸುವ ಮಾತು ಸಲ್ಲದು. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಅನುಕೂಲ ಕಲ್ಪಿಸಬೇಕೆನ್ನುತ್ತದೆ. ಆ ಅನುಕೂಲ ಉಳಿಯುವುದು ಕನ್ನಡ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರುಗಳಿರುವವರೆಗೆ. ಹತ್ತು ಮಕ್ಕಳ ಶಾಲೆಯಲ್ಲಿ ಒಂದು ಮಗು ಕಡಿಮೆಯಾದರೂ ಅದು ಸಣ್ಣ ಸಂಗತಿಯಲ್ಲ.

ಗಡಿನಾಡಿನ ಶಾಲೆಗೆ ಬೇಕಾದದ್ದು ಆ ಮೇಜಿನಿಂದ ಎದ್ದುಬರುವ ‘ಈಗ ನೀನು ಹೇಳು’ ಎಂಬ ಮಾತು. ಜತ್ತ ತಾಲ್ಲೂಕಿನ ಒಂದು ಪೋಷಕರ ಸಭೆಯನ್ನು ಊಹಿಸೋಣ. ಮಗುವಿಗೆ ಮನೆಯಲ್ಲಿ ಸ್ವಲ್ಪ ಓದಿಸಿ ಎಂದು ಅಧ್ಯಾಪಕರು ಹೇಳಿದರೆ ತಾಯಿ ಸಂಕೋಚದಿಂದ, ‘ನಂಗ ಕನ್ನಡ ಓದಾಕ ಬರಂಗಿಲ್ರೀ ಸರ್, ನಾ ಮರಾಠಿ ಸಾಲ್ಯಾಗ ಕಲ್ತಾಕಿ’ ಎಂದಾಳು. ಇದೇ ಮಾತನ್ನು ಆದೋನಿಯ ತಾಯಿ ತೆಲುಗಿನ ಬಗ್ಗೆ, ಹೊಸೂರಿನ ತಾಯಿ ತಮಿಳಿನ ಬಗ್ಗೆ ಹೇಳುತ್ತಾಳೆ. ಆ ಸಂಕೋಚವೇ ಬೆಳೆದು, ತನಗೆ ತಿಳಿಯುವ ಲಿಪಿಯ ಶಾಲೆಗೇ ಮಗುವನ್ನು ಸೇರಿಸಿದರೆ ಒಳ್ಳೆಯದೆಂಬ ಯೋಚನೆಯಾಗುತ್ತದೆ. ಅಂಥ ತಾಯಿಗೆ ಅಧ್ಯಾಪಕರು ಹೇಳಬೇಕಾದದ್ದು ಇಷ್ಟೇ: ‘ನೀವು ಓದಸೂದು ಬ್ಯಾಡ್ರಿ ಅಕ್ಕಾ. ಇವತ್ತ ಸಾಲ್ಯಾಗ ಏನ್ ಕಥಿ ಓದಿದ್ರು, ಹೇಳು ಅಂತ ಕೇಳ್ರಿ. ಮುಗಿಯೂತನಕ ಸುಮ್ನ ಕೇಳ್ರಿ, ಸಾಕು.’ ಇದಕ್ಕೆ ಅಕ್ಷರ ಬೇಕಿಲ್ಲ, ಪ್ರತ್ಯೇಕ ಹೊತ್ತೂ ಬೇಕಿಲ್ಲ. ಬೀಡಿ ಕಟ್ಟುವಾಗ, ಅಡಕೆ ಸುಲಿಯುವಾಗ, ರೊಟ್ಟಿ ತಟ್ಟುವಾಗ ಕೈಗೆ ಕೆಲಸವಿರುತ್ತದೆ, ಕಿವಿಗೆ ಬಿಡುವಿರುತ್ತದೆ. ಮಗುವಿನ ಕನ್ನಡ ಓದು ತನಗೂ ಅರ್ಥವಾಗುತ್ತದೆಂಬುದು ತಾಯಿಗೆ ಅಲ್ಲಿ ತಿಳಿಯುತ್ತದೆ.

ತರಗತಿಯಲ್ಲಿ ಇದನ್ನು ತರುವಾಗ ಭಾಷೆಯ ಪ್ರಶ್ನೆ ಏಳುತ್ತದೆ. ಗೋವಿನ ಹಾಡಿನ ಕಥೆಯನ್ನು ಮರಳಿ ಹೇಳುವಾಗ ಕಾಸರಗೋಡಿನ ತುಳು ಮನೆಯ ಮಗು ಹಸುವಿಗೆ ‘ಪೆತ್ತ’ ಎಂದೂ ಹುಲಿಗೆ ‘ಪಿಲಿ’ ಎಂದೂ ಹೇಳಬಹುದು. ಅಕ್ಕಲಕೋಟೆಯ ಮಗುವಿನ ಬಾಯಲ್ಲಿ ‘ವಾಘ’ ಬರಬಹುದು, ಮಡಕಶಿರದ ಮಗು ‘ಪುಲಿ’ ಎನ್ನಬಹುದು. ಅಲ್ಲಿಯೇ ತಡೆದು ತಿದ್ದಿದರೆ ಕಥೆ ಅರ್ಧಕ್ಕೆ ನಿಲ್ಲುತ್ತದೆ. ಮರುದಿನ ಆ ಮಗು ಬಾಯಿ ಬಿಡುವುದಿಲ್ಲ. ಮಗು ಮುಗಿಸಿದ ಮೇಲೆ ಅಧ್ಯಾಪಕರು ‘ಹೌದು, ಆ ಹುಲಿ ಹಸುವನ್ನು ನಂಬಿತು’ ಎಂದು ಸಹಜವಾಗಿ ಮಾತು ಮುಂದುವರಿಸಿದರೆ ಕನ್ನಡ ಪದ ತಾನಾಗಿ ಕಿವಿಗೆ ಬೀಳುತ್ತದೆ. ನಿಸರ್ಗ ಪುಸ್ತಕದಲ್ಲಿಯೂ ಹೀಗೆಯೇ. ಬೇವಿನೆಲೆಯ ಚಿತ್ರದ ಕೆಳಗೆ ಕನ್ನಡದ ಹೆಸರಿನ ಜೊತೆ ಊರಿನ ಹೆಸರೂ ಇರಲಿ: ಮರಾಠಿಯ ಕಡುನಿಂಬ, ತೆಲುಗಿನ ವೇಪ, ತಮಿಳಿನ ವೇಂಬು. ಮನೆಯ ಮಾತಿಗೆ ಪುಸ್ತಕದಲ್ಲಿ ಜಾಗ ಸಿಕ್ಕಿದ ಮಗು ಪುಸ್ತಕದ ಮಾತನ್ನೂ ಮನೆಗೆ ಒಯ್ಯುತ್ತದೆ.

ಮೂವತ್ತು ಮಕ್ಕಳಿರುವ ತರಗತಿಯಲ್ಲಿ ಎಲ್ಲರಿಂದ ಹೇಳಿಸುವುದು ಆಗದ ಕೆಲಸ. ಓದಿದ ಮೇಲೆ ಮಕ್ಕಳು ಇಬ್ಬಿಬ್ಬರಾಗಿ ಒಬ್ಬರಿಗೊಬ್ಬರು ಹೇಳಿಕೊಳ್ಳಲಿ, ದಿನಕ್ಕೆ ಇಬ್ಬರು ಮಾತ್ರ ಎಲ್ಲರೆದುರು ಹೇಳಲಿ. ಯಾರ ಸರದಿ ಎಂಬುದು ಮುಂಚೆ ತಿಳಿಯದಿದ್ದರೆ ಎಲ್ಲರೂ ಕಿವಿಗೊಡುತ್ತಾರೆ. ಮೊದಲ ಕೆಲವು ದಿನ ಎರಡು ವಾಕ್ಯಗಳ ಮೇಲೆ ಬಾರದಿರಬಹುದು. ಓದಿದ ಭಾಗ ಉದ್ದವಾಯಿತೆಂದು ಅದರ ಅರ್ಥ. ಮರುದಿನ ಕಡಿಮೆ ಮಾಡಬೇಕು.

ಮೇಸನ್ ಅವರ ಅಂಚೆಶಾಲೆಯಲ್ಲಿ ಅವಧಿಯ ಕೊನೆಗೆ ಪರೀಕ್ಷೆಯಿರುತ್ತಿತ್ತು. ಬರೆಯಲಾರದ ಚಿಕ್ಕ ಮಕ್ಕಳು ಬಾಯಲ್ಲಿ ಹೇಳುತ್ತಿದ್ದರು, ಮನೆಯ ಹಿರಿಯರು ಅದನ್ನು ಬರೆದುಕೊಳ್ಳುತ್ತಿದ್ದರು. ಈ ಕ್ರಮವನ್ನು ಇಲ್ಲಿಯೂ ಅನುಸರಿಸಬಹುದು. ಜೂನ್ ತಿಂಗಳಲ್ಲಿ ಪ್ರತಿಯೊಂದು ಮಗು ಹೇಳಿದ ಒಂದು ಕಥೆಯನ್ನು, ತಪ್ಪುಗಳೊಂದಿಗೆ, ಮನೆಮಾತಿನ ಪದಗಳೊಂದಿಗೆ, ಅದು ಹೇಳಿದಂತೆಯೇ ಬರೆದು ದಿನಾಂಕ ಹಾಕಿ ಇಡಬೇಕು. ಜನವರಿಯಲ್ಲಿ ಇನ್ನೊಂದನ್ನು. ಆ ತಿಂಗಳ ಪೋಷಕರ ಸಭೆಯಲ್ಲಿ ಅಂಕಪಟ್ಟಿಯನ್ನು ಕೊಡುವ ಮುಂಚೆ ತಾಯಿಯನ್ನು ಕೂಡಿಸಿಕೊಂಡು ಎರಡನ್ನೂ ಗಟ್ಟಿಯಾಗಿ ಓದಿ ಹೇಳಬೇಕು.