ಮತ ಮೊದಲೇ ನಿರ್ಧಾರವಾಗಿರುತ್ತದೆಯೇ?

ಪ್ರಚಾರ ಆರಂಭವಾಗುವ ಮುನ್ನವೇ
ಮತದಾರನ ಆಯ್ಕೆಯನ್ನು ಊಹಿಸಬಹುದೇ?

1940ರಲ್ಲಿ ಅಮೆರಿಕದ ಅಧ್ಯಕ್ಷ ಪದವಿಗೆ
ರೂಸ್‌ವೆಲ್ಟ್ ಮತ್ತು ವಿಲ್ಕಿ ಸ್ಪರ್ಧಿಸಿದ್ದಾಗ,
ಸಮಾಜಶಾಸ್ತ್ರಜ್ಞ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು
ಓಹಾಯೊ ರಾಜ್ಯದ ಈರಿ ಕೌಂಟಿಯಲ್ಲಿ
ಸುಮಾರು 600 ಮತದಾರರನ್ನು ತಿಂಗಳುಗಟ್ಟಲೆ ಮತ್ತೆ ಮತ್ತೆ ಸಂದರ್ಶಿಸಿ,
ಆರ್ಥಿಕ ಸ್ಥಿತಿ, ಧಾರ್ಮಿಕ ಪಂಥ, ವಾಸಸ್ಥಳ
ಈ ಮೂರೇ ಸಂಗತಿಗಳು ಮತದ ಒಲವನ್ನು
ಬಹುಮಟ್ಟಿಗೆ ಸೂಚಿಸುತ್ತವೆ ಎಂದು ಕಂಡುಕೊಂಡರು.

ಅನುಕೂಲಸ್ಥ ಪ್ರಾಟೆಸ್ಟೆಂಟ್ ಹಳ್ಳಿಗರು ರಿಪಬ್ಲಿಕನ್ ಪಕ್ಷದತ್ತ,
ಕ್ಯಾಥೊಲಿಕ್ ಕಾರ್ಮಿಕರು ಡೆಮಾಕ್ರಟಿಕ್ ಪಕ್ಷದತ್ತ ವಾಲುತ್ತಿದ್ದರು;
ಇಷ್ಟನ್ನು ಯಾರಾದರೂ ಊಹಿಸಬಲ್ಲರು.

ಆದರೆ ಸಿರಿವಂತನೂ ಕ್ಯಾಥೊಲಿಕನೂ ಆದವನ ಪಾಡೇನು?

ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವ ಗಾಡಿಯಂತೆ
ಹಿನ್ನೆಲೆಗಳೇ ವಿರುದ್ಧ ದಿಕ್ಕುಗಳಿಗೆ ಸೆಳೆಯುವ ಈ ಸ್ಥಿತಿಯನ್ನು
ಸಂಶೋಧಕರು ‘ಅಡ್ಡ ಒತ್ತಡ’ ಎಂದು ಕರೆದರು;
ಇಂಥವರು ನಿರ್ಧಾರವನ್ನು ಮುಂದೂಡುತ್ತಿದ್ದರು,
ಕೆಲವೊಮ್ಮೆ ಚುನಾವಣೆಯ ಆಸಕ್ತಿಯನ್ನೇ ಕಳೆದುಕೊಳ್ಳುತ್ತಿದ್ದರು.

ಪ್ರಚಾರವಾದರೋ ಮನಸ್ಸು ಬದಲಿಸಿದ್ದಕ್ಕಿಂತ
ಇದ್ದ ಒಲವನ್ನು ಗಟ್ಟಿಗೊಳಿಸಿದ್ದೇ ಹೆಚ್ಚು.