ಗೂಡೆಣಿಕೆಯಿಂದ ಜಾಲತಾಣದ ಆಲೇಖದವರೆಗೆ: ಅಂಕಿ-ಅಂಶಗಳನ್ನು ತಪ್ಪಿಲ್ಲದೆ ತೋರಿಸುವ ಕ್ರಮ

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಹುಣಸೆ, ಆಲ, ಅರಳಿ ಮುಂತಾದ ಮರಗಳ ಮೇಲೆ ಗೂಡು ಕಟ್ಟುತ್ತವೆ. ಈ ಗ್ರಾಮವು 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲ್ಪಟ್ಟಿತು. ಹಕ್ಕಿಗಳು ನೆಲೆಸಿದ ಮರದಿಂದ ಹುಣಸೆ ಫಸಲು ಪೂರ್ಣವಾಗಿ ದೊರೆಯುವುದಿಲ್ಲ. ಈ ನಷ್ಟಕ್ಕಾಗಿ ಅರಣ್ಯ ಇಲಾಖೆಯು ಮರದ ಮಾಲೀಕರಿಗೆ ಪರಿಹಾರಧನ ನೀಡುತ್ತಾ ಬಂದಿದೆ. ಹಕ್ಕಿಗಳ ಹಿಕ್ಕೆಯನ್ನು ರೈತರು ಗೊಬ್ಬರವಾಗಿ ಬಳಸುತ್ತಾರೆ. ಆದುದರಿಂದ ಇಲ್ಲಿ ಗೂಡುಗಳ ಸಂಖ್ಯೆಯು ಪಕ್ಷಿಪ್ರಿಯರಿಗಷ್ಟೇ ಅಲ್ಲದೆ ರೈತ ಕುಟುಂಬಗಳಿಗೂ ಸಂಬಂಧಿಸಿದ ಲೆಕ್ಕವಾಗಿದೆ.

ಇಂತಹ ಲೆಕ್ಕವನ್ನು ಜಾಲತಾಣದಲ್ಲಿ ಆಲೇಖವಾಗಿ ಪ್ರಕಟಿಸಿದಾಗ ನೂರಾರು ಜನರು ಅದನ್ನು ಮೊಬೈಲಿನಲ್ಲಿ ಕ್ಷಣಮಾತ್ರ ನೋಡಿ ಅಭಿಪ್ರಾಯಕ್ಕೆ ಬರುತ್ತಾರೆ. ಅಂಕಿ ಸರಿಯಿದ್ದರೂ ಚಿತ್ರ ತಪ್ಪಾದರೆ ನಿರ್ಧಾರವೂ ತಪ್ಪುತ್ತದೆ. ಎಣಿಕೆಯು ಹೇಳುವಷ್ಟನ್ನು ಮಾತ್ರ ಆಲೇಖವು ಹೇಳಬೇಕು ಎಂಬುದೇ ಮುಖ್ಯ ನಿಯಮ. ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರು ಈ ಕೆಳಗಿನ ಅಂಶಗಳನ್ನು ಗಮನಿಸುವುದು ಸೂಕ್ತ.

1. ಮೊದಲು ಕೋಷ್ಟಕವನ್ನು ಸರಿಪಡಿಸಿ

ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನಲ್ಲಿ ಒಂದು ಸಾಲಿಗೆ ಒಂದೇ ಎಣಿಕೆಯನ್ನು ದಾಖಲಿಸಿ. ದಿನಾಂಕ, ಮರದ ಸಂಕೇತ ಸಂಖ್ಯೆ, ಮರದ ಜಾತಿ, ಹಕ್ಕಿಯ ಜಾತಿ, ಗೂಡುಗಳ ಸಂಖ್ಯೆ – ಇವು ಪ್ರತ್ಯೇಕ ಕಾಲಂಗಳಾಗಿರಲಿ. ಮಾಲೀಕರ ಹೆಸರನ್ನು ಸಾರ್ವಜನಿಕವಾಗಿ ಪ್ರಕಟಿಸಬಾರದು. ಸಂಕೇತ ಸಂಖ್ಯೆಯೇ ಸಾಕು.

ಮರವನ್ನು ನೋಡಿದಾಗ ಗೂಡು ಇರದಿದ್ದರೆ '0' ಎಂದು ಬರೆಯಿರಿ. ಆ ದಿನ ಮರವನ್ನು ನೋಡದೇ ಇದ್ದರೆ ಖಾಲಿ ಬಿಡಿ. 'ಇರಲಿಲ್ಲ' ಮತ್ತು 'ಎಣಿಸಲಿಲ್ಲ' ಎಂಬ ಎರಡು ಸಂಗತಿಗಳು ಒಂದೇ ಅಲ್ಲ. ಎಣಿಕೆ ತಪ್ಪಿದ ವರ್ಷವನ್ನು ಸೊನ್ನೆ ಎಂದು ತೋರಿಸಿದರೆ ಹಕ್ಕಿಗಳು ಊರನ್ನೇ ತೊರೆದವೆಂಬ ಭಾವನೆ ಮೂಡುತ್ತದೆ.

2. ಪ್ರಶ್ನೆಗೆ ತಕ್ಕ ಆಲೇಖವನ್ನು ಆರಿಸಿ

• ಯಾವ ಮರದಲ್ಲಿ ಹೆಚ್ಚು ಗೂಡುಗಳಿವೆ ಎಂದು ಹೋಲಿಸಲು ಸ್ತಂಭಾಲೇಖ.
• ವಾರ ಅಥವಾ ವರ್ಷಗಳುದ್ದಕ್ಕೂ ಆದ ಬದಲಾವಣೆಯನ್ನು ತೋರಿಸಲು ರೇಖಾಲೇಖ. ಎಣಿಕೆ ಇಲ್ಲದ ಕಡೆ ರೇಖೆಯನ್ನು ತುಂಡಾಗಿಯೇ ಬಿಡಬೇಕು.
• ಒಟ್ಟು ಮೊತ್ತದ ಎರಡು-ಮೂರು ಪಾಲುಗಳನ್ನು ತೋರಿಸಲು ಮಾತ್ರ ವೃತ್ತಾಲೇಖ. ಪಾಲುಗಳು ಹೆಚ್ಚಾದಷ್ಟೂ ಅದನ್ನು ಓದುವುದು ಕಷ್ಟ.

3. ಸ್ತಂಭಗಳು ಸೊನ್ನೆಯಿಂದಲೇ ಆರಂಭವಾಗಲಿ

ವಿವರಣೆಗಾಗಿ ಮೂರು ವರ್ಷಗಳ ಗೂಡುಗಳ ಸಂಖ್ಯೆ 190, 180 ಮತ್ತು 175 ಎಂದು ಊಹಿಸಿಕೊಳ್ಳಿ. ಅಕ್ಷವನ್ನು 170ರಿಂದ ಆರಂಭಿಸಿದರೆ ಸ್ತಂಭಗಳ ಎತ್ತರವು 20, 10, 5ರ ಪ್ರಮಾಣದಲ್ಲಿರುತ್ತದೆ. ನೋಡುವವರಿಗೆ ಗೂಡುಗಳು ಕಾಲು ಭಾಗಕ್ಕೆ ಇಳಿದಂತೆ ಕಾಣುತ್ತದೆ. ನಿಜವಾದ ಇಳಿಕೆ ಸುಮಾರು ಶೇ. 8 ಮಾತ್ರ. ಸ್ತಂಭದ ಉದ್ದವೇ ಬೆಲೆಯನ್ನು ಸೂಚಿಸುವುದರಿಂದ ಅದರ ಬುಡವನ್ನು ಕತ್ತರಿಸಬಾರದು. ರೇಖಾಲೇಖದಲ್ಲಿ ಅಕ್ಷವು ಸೊನ್ನೆಯಿಂದ ಆರಂಭವಾಗಲೇಬೇಕೆಂಬ ಕಡ್ಡಾಯವಿಲ್ಲ. ಆದರೆ ಎಲ್ಲಿಂದ ಆರಂಭವಾಗಿದೆ ಎಂಬುದು ಸ್ಪಷ್ಟವಾಗಿ ಕಾಣಬೇಕು.

4. ಎಣಿಕೆಯ ಶ್ರಮವನ್ನೂ ತಿಳಿಸಿ

ಊಹೆಯ ಇನ್ನೊಂದು ಉದಾಹರಣೆ: ಒಂದು ವರ್ಷ 40 ಮರಗಳಲ್ಲಿ 200 ಗೂಡುಗಳು, ಮರುವರ್ಷ 30 ಮರಗಳಲ್ಲಿ 165 ಗೂಡುಗಳು ದಾಖಲಾಗಿವೆ. ಒಟ್ಟು ಸಂಖ್ಯೆ ಇಳಿದಿದ್ದರೂ ಎಣಿಸಿದ ಮರವೊಂದಕ್ಕೆ ಸರಾಸರಿ 5ರಿಂದ 5.5ಕ್ಕೆ ಏರಿದೆ. ಹತ್ತು ಮರಗಳನ್ನು ಕಡಿದಿದ್ದಾರೆಯೇ ಅಥವಾ ಅವುಗಳನ್ನು ನೋಡಲು ಸಾಧ್ಯವಾಗಲಿಲ್ಲವೇ ಎಂಬುದನ್ನು ತಿಳಿಯದೆ ತೀರ್ಮಾನಕ್ಕೆ ಬರಲಾಗದು. ಎರಡೂ ವರ್ಷ ಎಣಿಸಿದ ಮರಗಳನ್ನಷ್ಟೇ ಹೋಲಿಸುವುದು ಉತ್ತಮ. ಆಲೇಖದ ಕೆಳಗೆ ಎಣಿಸಿದ ಮರಗಳ ಸಂಖ್ಯೆ ಮತ್ತು ದಿನಾಂಕಗಳನ್ನು ಕಡ್ಡಾಯವಾಗಿ ನಮೂದಿಸಿ.

5. ವಾರ್ಷಿಕ ಮೊತ್ತದಲ್ಲಿ ಅಪಾಯ ಅಡಗದಿರಲಿ

2017ರ ಕೊನೆಯಿಂದ 2018ರ ಆರಂಭದ ತಿಂಗಳುಗಳಲ್ಲಿ ಇಲ್ಲಿ ಹಲವಾರು ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತವು. ಸತ್ತ ಹಕ್ಕಿಗಳ ಪರೀಕ್ಷೆಯಲ್ಲಿ ಜಂತುಹುಳುಗಳ ಬಾಧೆ ಕಂಡುಬಂದಿತು. ಇಂತಹ ಘಟನೆಯನ್ನು ವರ್ಷಕ್ಕೊಂದು ಸ್ತಂಭವಾಗಿ ತೋರಿಸಿದರೆ ಎಚ್ಚರಿಕೆ ದೊರೆಯುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಸಾವುಗಳನ್ನು ವಾರವಾರವೂ ದಾಖಲಿಸಿ ರೇಖಾಲೇಖದಲ್ಲಿ ತೋರಿಸಿದಲ್ಲಿ ಏರಿಕೆಯು ಆರಂಭದಲ್ಲಿಯೇ ಕಣ್ಣಿಗೆ ಬೀಳುತ್ತದೆ; ಪಶುವೈದ್ಯರಿಗೂ ಅರಣ್ಯ ಸಿಬ್ಬಂದಿಗೂ ಸಕಾಲದಲ್ಲಿ ತಿಳಿಸಬಹುದು.

6. ಎರಡು ಅಳತೆಗಳನ್ನು ಒಂದರಲ್ಲಿ ಬೆರೆಸಬೇಡಿ

ಮಳೆಯ ಮಿಲಿಮೀಟರ್ ಮತ್ತು ಗೂಡುಗಳ ಸಂಖ್ಯೆಯನ್ನು ಒಂದೇ ಆಲೇಖದ ಎಡಬಲ ಅಕ್ಷಗಳಲ್ಲಿ ತೋರಿಸಿದರೆ, ಅಳತೆಯನ್ನು ಹಿಗ್ಗಿಸಿ ಕುಗ್ಗಿಸಿ ಇಲ್ಲದ ಸಂಬಂಧವನ್ನೂ ತೋರಿಸಬಹುದು. ಒಂದೇ ಕಾಲಾವಧಿಯ ಎರಡು ಆಲೇಖಗಳನ್ನು ಒಂದರ ಕೆಳಗೊಂದು ಇರಿಸಿ. ಎರಡೂ ಒಟ್ಟಿಗೆ ಏರಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಬರೆಯಬಾರದು.

7. ಜಾಲತಾಣಕ್ಕೆ ಹಾಕುವಾಗ

• ಕನ್ನಡವನ್ನು ಯೂನಿಕೋಡ್‌ನಲ್ಲಿಯೇ ಟೈಪ್ ಮಾಡಿ. ಹಳೆಯ ನುಡಿ ಅಕ್ಷರ ಶೈಲಿಯ ಪಠ್ಯವು ಜಾಲತಾಣದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಬಹುದು.
• ಡೇಟಾರ್ಯಾಪರ್‌ನಂತಹ ಉಚಿತವಾಗಿ ಬಳಸಬಹುದಾದ ಸಾಧನದಲ್ಲಿ ಆಲೇಖವು ಮೊಬೈಲ್ ಪರದೆಗೆ ತಕ್ಕಂತೆ ಹೊಂದಿಕೊಳ್ಳುತ್ತದೆ. ಪ್ರಕಟಿಸುವ ಮುನ್ನ ನಿಮ್ಮ ಫೋನಿನಲ್ಲಿ ತೆರೆದು ನೋಡಿ.
• ಕೆಂಪು-ಹಸಿರು ಭೇದ ಗುರುತಿಸಲಾಗದವರಿದ್ದಾರೆ. ನೀಲಿ ಮತ್ತು ಕಿತ್ತಳೆ ಬಣ್ಣಗಳನ್ನು ಬಳಸಿ, ರೇಖೆಯ ಪಕ್ಕದಲ್ಲಿಯೇ ಹೆಸರನ್ನು ಬರೆಯಿರಿ.
• ಆಲೇಖದ ಸಾರವನ್ನು ಒಂದೆರಡು ವಾಕ್ಯಗಳಲ್ಲಿ ಕೆಳಗೆ ಕೊಡಿ. ದೃಷ್ಟಿದೋಷವುಳ್ಳವರಿಗೆ ಫೋನು ಅದನ್ನು ಓದಿ ಹೇಳಬಲ್ಲದು.
• ಮೂಲ ಕೋಷ್ಟಕವನ್ನು ಡೌನ್‌ಲೋಡ್ ಮಾಡಿಕೊಳ್ಳುವ ಅವಕಾಶ ಕಲ್ಪಿಸಿ. ಪರಿಶೀಲಿಸಲು ಸಾಧ್ಯವಿರುವ ಲೆಕ್ಕವನ್ನು ಜನ ನಂಬುತ್ತಾರೆ.

ಕೃಷಿ ಲೆಕ್ಕಗಳಿಗೂ ಇದೇ ಕ್ರಮ

ಮದ್ದೂರು ಮಾರುಕಟ್ಟೆಯ ಎಳನೀರಿನ ಧಾರಣೆ, ಡೇರಿಗೆ ಹಾಕಿದ ಹಾಲಿನ ಪ್ರಮಾಣ, ಕಬ್ಬಿನ ಇಳುವರಿ – ಯಾವುದನ್ನೇ ತೋರಿಸುವಾಗಲೂ ಮೇಲಿನ ನಿಯಮಗಳು ಅನ್ವಯಿಸುತ್ತವೆ. ಮಾರುಕಟ್ಟೆಗೆ ರಜೆಯಿದ್ದ ದಿನ ಧಾರಣೆ ಸೊನ್ನೆಯಲ್ಲ. ಅಂದು ಧಾರಣೆಯೇ ಇಲ್ಲ. ಎಕರೆಗೆ ಟನ್ನೋ, ಒಟ್ಟು ಟನ್ನೋ ಎಂಬುದನ್ನು ಅಕ್ಷದ ಮೇಲೆ ಬರೆಯದಿದ್ದರೆ ದೊಡ್ಡ ಹಿಡುವಳಿಯೇ ಉತ್ತಮ ಇಳುವರಿಯಂತೆ ಕಾಣುತ್ತದೆ.

ಆಲೇಖ ಸಿದ್ಧವಾದ ಬಳಿಕ, ಎಣಿಕೆಯಲ್ಲಿ ಭಾಗವಹಿಸಿದವರಲ್ಲಿ ಒಬ್ಬರಿಗೆ ಅದನ್ನು ತೋರಿಸಿ, 'ಇದರಿಂದ ಏನು ತಿಳಿಯುತ್ತದೆ?' ಎಂದು ಕೇಳಿ. ಅವರು ಮರದ ಕೆಳಗೆ ನಿಂತು ಕಂಡದ್ದಕ್ಕೂ ಪರದೆಯ ಮೇಲೆ ಓದಿದ್ದಕ್ಕೂ ಹೊಂದಾಣಿಕೆ ಇದ್ದಲ್ಲಿ ಮಾತ್ರ ಪ್ರಕಟಿಸಿ. ಹೆಚ್ಚಿನ ಮಾರ್ಗದರ್ಶನಕ್ಕಾಗಿ ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.